ರೀಸೈಜ್ ಮಾಡಿದ ಮೇಲೆಯೇ ಬೋಲ್ಟ್ ಬಿಗಿಯಾಗುತ್ತಿದೆ: .308 ಕೇಸ್‌ಗಳ ಸಮಸ್ಯೆ

ಪ್ರಶ್ನೆ: ಮಲೆನಾಡಿಗ, ಕೊಲರಾಡೊ

ಎಲ್ಲರಿಗೂ ನಮಸ್ಕಾರ. .308 ವಿಂಚೆಸ್ಟರ್ ಬೋಲ್ಟ್ ಆ್ಯಕ್ಷನ್ ರೈಫಲ್ ಒಂದರಲ್ಲಿ ಮೂರು ವರ್ಷಗಳಿಂದ ಗುರಿ ಅಭ್ಯಾಸ ಮಾಡುತ್ತಿದ್ದೇನೆ. ಕಳೆದ ವರ್ಷದಿಂದ ತೋಟೆಗಳನ್ನು ಮನೆಯಲ್ಲಿಯೇ ರೀಲೋಡ್ ಮಾಡಿಕೊಳ್ಳುತ್ತಿದ್ದೇನೆ, ಅಂದರೆ ಹೊಡೆದ ತೋಟೆಯ ಹಿತ್ತಾಳೆಯ ಕೇಸಿಗೆ ಹೊಸ ಪ್ರೈಮರ್ (ಕಿಡಿ ಹೊತ್ತಿಸುವ ಬಿಲ್ಲೆ), ಮದ್ದು, ಗುಂಡು ಹಾಕಿ ಮತ್ತೆ ಬಳಸುತ್ತೇನೆ. ಎರಡು ವಾರಗಳಿಂದ ಒಂದು ತೊಂದರೆ ಬಗೆಹರಿಯದೆ ಉಳಿದಿರುವುದರಿಂದ ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ.

ಹೊಡೆದ ಖಾಲಿ ಕೇಸನ್ನು ಪ್ರೈಮರ್ ತೆಗೆದು ಹಾಗೆಯೇ ಚೇಂಬರಿಗೆ (ನಳಿಗೆಯಲ್ಲಿ ತೋಟೆ ಕೂರುವ ಜಾಗಕ್ಕೆ) ಹಾಕಿದರೆ ಬೋಲ್ಟ್ ಸಲೀಸಾಗಿ ಮುಚ್ಚುತ್ತದೆ. ಅದೇ ಕೇಸನ್ನು ಫುಲ್ ಲೆಂತ್ ಡೈ ಎಂಬ ಅಚ್ಚಿನೊಳಗೆ ಪ್ರೆಸ್ಸಿನಿಂದ ಒತ್ತಿ ರೀಸೈಜ್ ಮಾಡಿ, ಅಂದರೆ ಮತ್ತೆ ಚಿಕ್ಕ ಅಳತೆಗೆ ತಂದು, ಹಾಕಿದರೆ, ಬೋಲ್ಟ್ ಮುಂದಕ್ಕೆ ಸುಲಭವಾಗಿ ಹೋಗುತ್ತದೆಯಾದರೂ ಹಿಡಿಯನ್ನು ಕೆಳಗೆ ತಿರುಗಿಸುವಾಗ ಕೊನೆಯ ಕಾಲುಭಾಗದಲ್ಲಿ ಅಂಗೈಯಿಂದ ಒತ್ತಿ ಕೂರಿಸಬೇಕಾಗುತ್ತದೆ. ಚಿಕ್ಕದಾಗಬೇಕಾದ ಕೇಸು ಡೈಯಿಂದ ಹೊರಬಂದ ಮೇಲೆ ದೊಡ್ಡದಾದಂತೆ ವರ್ತಿಸುತ್ತಿದೆ.

ಒಟ್ಟು 50 ಕೇಸುಗಳಿವೆ, ಎಲ್ಲವನ್ನೂ ಹೊಸದಾಗಿ ಕೊಂಡು ಇದೇ ರೈಫಲಿನಲ್ಲಿ ಮೂರು ಬಾರಿ ಹೊಡೆದಿದ್ದೇನೆ. ಉದ್ದವನ್ನು 2.005 ಅಂಗುಲಕ್ಕೆ ಕತ್ತರಿಸಿರುವುದರಿಂದ ಕತ್ತು (ಗುಂಡು ಕೂರುವ ಕಿರಿದಾದ ಮುಂಭಾಗ) ಉದ್ದವಾಗಿ ತಾಗುತ್ತಿರಲಾರದು. ಡೈಯನ್ನು ಶೆಲ್ ಹೋಲ್ಡರಿಗೆ (ಪ್ರೆಸ್ಸಿನಲ್ಲಿ ಕೇಸಿನ ಬುಡವನ್ನು ಹಿಡಿಯುವ ಭಾಗಕ್ಕೆ) ತಾಗುವಂತೆ ಇಳಿಸಿದರೆ ಹಿತ್ತಾಳೆಯ ಆಯುಸ್ಸು ಕಡಿಮೆಯಾಗುತ್ತದೆ ಎಂದು ಪರಿಚಿತರೊಬ್ಬರು ಹೇಳಿದ್ದರಿಂದ, ಎರಡರ ನಡುವೆ ಒಂದು ವಿಸಿಟಿಂಗ್ ಕಾರ್ಡ್ ದಾಟುವಷ್ಟು ಸಂದು ಬಿಟ್ಟು ಡೈ ಕೂರಿಸಿದ್ದೇನೆ. ಕೇಸು ಡೈಯಲ್ಲಿ ಜಾರಲು ಲ್ಯೂಬ್ ಆಗಿ ಲ್ಯಾನೋಲಿನ್ (ಉಣ್ಣೆಯ ಜಿಡ್ಡು) ಮತ್ತು ಆಲ್ಕೋಹಾಲ್ ಬೆರೆಸಿದ ಸ್ಪ್ರೇ ಬಳಸುತ್ತೇನೆ. ಒಮ್ಮೆ ಒಂದು ಕೇಸು ಡೈಯೊಳಗೆ ಸಿಕ್ಕಿಕೊಂಡದ್ದೂ ಉಂಟು. ಇವಲ್ಲದೆ ರೇಂಜಿನಲ್ಲಿ ಆಯ್ದು ತಂದ ಇಪ್ಪತ್ತು ಚಿಲ್ಲರೆ ಮಿಲಿಟರಿ ಕೇಸುಗಳಿವೆ. ಅವು ಇವುಗಳಿಗಿಂತಲೂ ಬಿಗಿಯಾಗಿವೆ.

ಡೈ ಬದಲಿಸಬೇಕೆ, ಅಥವಾ ಕೇಸನ್ನು ಬುಡದ ಬಳಿ ಇನ್ನೂ ಸಣ್ಣದಾಗಿಸುವ ಸ್ಮಾಲ್ ಬೇಸ್ ಡೈ ಕೊಳ್ಳಬೇಕೆ? ಅನುಭವಿಗಳು ದಯವಿಟ್ಟು ತಿಳಿಸಬೇಕು.

ಉತ್ತರ: ಟೂಲ್‌ರೂಮಿನವನು, ಓಹಾಯೋ

ಮಲೆನಾಡಿಗರೇ, ಏನನ್ನೂ ಕೊಳ್ಳುವ ಮೊದಲು ಇದನ್ನು ಓದಿ. ನಿಮ್ಮ ಡೈ ಸರಿಯಾಗಿಯೇ ಇದೆ ಎಂದು ನನಗೆ ತೋರುತ್ತದೆ. ತಪ್ಪು ಇರುವುದು ಆ ವಿಸಿಟಿಂಗ್ ಕಾರ್ಡಿನ ಸಂದಿನಲ್ಲಿ.

ಹೊಡೆದ ಕೇಸು ಚೇಂಬರಿನ ಆಕಾರಕ್ಕೆ ಉಬ್ಬಿರುತ್ತದೆ. ಅದನ್ನು ಡೈಯೊಳಗೆ ತಳ್ಳಿದಾಗ ಮೊದಲು ಹಿಡಿತಕ್ಕೆ ಸಿಗುವುದು ಅದರ ಮೈ. ಮೈಯನ್ನು ಸುತ್ತಲಿಂದ ಅಮುಕಿದಾಗ ಆ ಹಿತ್ತಾಳೆ ಎಲ್ಲಿಗಾದರೂ ಹೋಗಲೇಬೇಕಲ್ಲವೆ? ಚಕ್ಕುಲಿ ಒರಳಿನಲ್ಲಿ ಒತ್ತಿದ ಹಿಟ್ಟು ತೂತು ಇರುವ ಕಡೆಗೇ ಇಳಿಯುವಂತೆ, ಅದು ತಡೆಯಿಲ್ಲದ ಕಡೆಗೆ, ಅಂದರೆ ಮುಂದಕ್ಕೆ, ಹರಿದು ಭುಜವನ್ನು, ಅಂದರೆ ಮೈ ಕತ್ತಿನ ಕಡೆಗೆ ಕಿರಿದಾಗುವ ಇಳಿಜಾರನ್ನು, ತಳ್ಳುತ್ತದೆ. ಡೈಯ ಒಳಗಿನ ಭುಜ ಕೇಸಿನ ಭುಜಕ್ಕೆ ತಾಗಿದ ಮೇಲಷ್ಟೇ ಅದು ಹಿಂದಕ್ಕೆ ಸರಿಯಲು ತೊಡಗುವುದು. ನೀವು ಸಂದು ಬಿಟ್ಟು ಅರ್ಧ ದಾರಿಯಲ್ಲಿಯೇ ನಿಲ್ಲಿಸಿರುವುದರಿಂದ ಮೈ ಸಣ್ಣದಾಗಿದೆ, ಭುಜ ಮಾತ್ರ ಮುಂದೆ ಸರಿದು ಅಲ್ಲಿಯೇ ಉಳಿದಿದೆ. ಬೋಲ್ಟ್ ಮುಂದಕ್ಕೆ ಸುಲಭವಾಗಿ ಹೋಗಿ ಹಿಡಿ ಇಳಿಸುವಾಗ ಮಾತ್ರ ಬಿಗಿಯಾಗುವುದು ಇದರ ಗುರುತು. ಮೈಯೇ ದಪ್ಪವಾಗಿದ್ದರೆ ಬೋಲ್ಟನ್ನು ಮುಂದಕ್ಕೆ ತಳ್ಳುವಾಗಲೇ ತಡೆ ಸಿಗುತ್ತಿತ್ತು.

ನಾನು ಅಮೆರಿಕಕ್ಕೆ ಬರುವ ಮೊದಲು ಒಂಬತ್ತು ವರ್ಷ ಪೀಣ್ಯದ ಟೂಲ್‌ರೂಮಿನಲ್ಲಿ ಕೆಲಸ ಮಾಡಿದವನು. ಅಳೆಯದೆ ಸ್ಕ್ರೂ ತಿರುಗಿಸಬಾರದು ಎಂಬುದು ಅಲ್ಲಿ ಕಲಿತ ಪಾಠ. ಬರಿಯ ಕ್ಯಾಲಿಪರಿನಿಂದ ಈ ಕೆಲಸ ಆಗದು. ಕೇಸಿನ ಬುಡದಿಂದ ಭುಜದವರೆಗಿನ ಉದ್ದ ಅಳೆಯಲು ಅದರ ದವಡೆಗೆ ಕೂರಿಸುವ ಹೆಡ್‌ಸ್ಪೇಸ್ ಕಂಪ್ಯಾರೇಟರ್ ಸಿಗುತ್ತದೆ. ನಿಮ್ಮ ಕೇಸಿಗೆ 0.400 ಅಂಗುಲ ವ್ಯಾಸದ ತೂತಿರುವ ಇನ್ಸರ್ಟ್ ಬೇಕು, ಏಕೆಂದರೆ .308ರ 20 ಡಿಗ್ರಿ ಇಳಿಜಾರಿನ ಭುಜದ ಮೇಲೆ ಅಳತೆಗೆ ಆಧಾರವಾಗಿ ಗೊತ್ತುಮಾಡಿರುವ ವೃತ್ತ ಅಷ್ಟು ಅಗಲದ್ದು. ಈ ಕೇಸಿನ ಚೇಂಬರ್ ಗೇಜುಗಳಲ್ಲಿ ‘ಗೋ’ (ಇದರ ಮೇಲೆ ಬೋಲ್ಟ್ ಮುಚ್ಚಬೇಕು) 1.630 ಅಂಗುಲ, ‘ನೋ ಗೋ’ (ಇದರ ಮೇಲೆ ಮುಚ್ಚಬಾರದು) 1.634 ಅಂಗುಲ. ಕಂಪ್ಯಾರೇಟರ್ ತೋರಿಸುವ ಅಂಕಿ ಇವುಗಳಿಗೆ ಕರಾರುವಾಕ್ಕಾಗಿ ಹೊಂದಬೇಕಾಗಿಲ್ಲ. ಹೊಡೆದ ಕೇಸಿಗೂ ರೀಸೈಜ್ ಆದ ಕೇಸಿಗೂ ಇರುವ ವ್ಯತ್ಯಾಸವಷ್ಟೇ ನಮಗೆ ಮುಖ್ಯ. ಬೋಲ್ಟ್ ಆ್ಯಕ್ಷನ್ ರೈಫಲಿಗೆ ಭುಜ 1ರಿಂದ 2 ಥೌ, ಅಂದರೆ ಅಂಗುಲದ ಸಾವಿರದ ಒಂದೆರಡು ಭಾಗ, ಹಿಂದಕ್ಕೆ ಹೋದರೆ ಸಾಕು. ಸೆಮಿ ಆಟೋಮ್ಯಾಟಿಕ್ ಆಗಿದ್ದರೆ 3ರಿಂದ 5 ಥೌ ಬೇಕಾಗುತ್ತದೆ.

ಡೈಯ ಮರೆಗೆ, ಅಂದರೆ ಅದರ ಮೈಮೇಲಿನ ತಿರುಪಿಗೆ, ಅಂಗುಲಕ್ಕೆ 14 ಸುತ್ತು. ಆದ್ದರಿಂದ ಒಂದು ಪೂರ್ತಿ ಸುತ್ತಿಗೆ ಡೈ ಸುಮಾರು 71 ಥೌ ಇಳಿಯುತ್ತದೆ. ಒಂದು ಥೌ ಇಳಿಯಬೇಕಾದರೆ ತಿರುಗಿಸಬೇಕಾದದ್ದು ಸುಮಾರು 5 ಡಿಗ್ರಿ, ಅಂದರೆ ಗಡಿಯಾರದ ನಿಮಿಷದ ಮುಳ್ಳು ಒಂದು ನಿಮಿಷದಲ್ಲಿ ಸರಿಯುವುದಕ್ಕಿಂತ ಸ್ವಲ್ಪ ಕಡಿಮೆ. ಕಾಲು ಸುತ್ತು, ಅರ್ಧ ಸುತ್ತು ಎಂಬ ಮಾತೇ ಇಲ್ಲಿ ಬೇಡ. ಡೈಯ ಮೇಲೂ ಪ್ರೆಸ್ಸಿನ ಮೇಲೂ ಮಾರ್ಕರಿನಿಂದ ಒಂದೊಂದು ಗೆರೆ ಎಳೆದುಕೊಂಡು, ಕೂದಲೆಳೆಯಷ್ಟು ಇಳಿಸಿ, ಒಂದು ಕೇಸನ್ನು ರೀಸೈಜ್ ಮಾಡಿ, ಲ್ಯೂಬ್ ಒರೆಸಿ ಅಳೆಯಿರಿ. ಸಾಧ್ಯವಾದರೆ ಬೋಲ್ಟಿನಿಂದ ಫೈರಿಂಗ್ ಪಿನ್ನನ್ನೂ ಎಜೆಕ್ಟರನ್ನೂ ತೆಗೆದು ಪರೀಕ್ಷಿಸಿ. ಆಗ ಸ್ಪ್ರಿಂಗಿನ ಒತ್ತಡ ಅಡ್ಡ ಬರದೆ, ಹಿಡಿ ತನ್ನ ತೂಕಕ್ಕೇ ಬೀಳುವುದು ಯಾವ ಅಳತೆಯಲ್ಲಿ ಎಂದು ಕೈಗೆ ನೇರವಾಗಿ ತಿಳಿಯುತ್ತದೆ.

ಒಂದು ವಿಷಯ ಮರೆಯಬೇಡಿ. ಖಾಲಿ ರ‍್ಯಾಮ್ (ಶೆಲ್ ಹೋಲ್ಡರನ್ನು ಹೊತ್ತು ಮೇಲೆ ಕೆಳಗೆ ಚಲಿಸುವ ದಂಡ) ಮೇಲೆತ್ತಿದಾಗ ಡೈ ಮತ್ತು ಶೆಲ್ ಹೋಲ್ಡರ್ ಒಂದಕ್ಕೊಂದು ಅಂಟಿಕೊಂಡಂತೆ ಕಂಡರೂ, ಕೇಸು ಒಳಗಿದ್ದಾಗ ಪ್ರೆಸ್ ಆ ಒತ್ತಡಕ್ಕೆ ಸ್ವಲ್ಪ ಬಾಗುತ್ತದೆ. ಹಿಂದೆ ಟಾರ್ಚ್ ಹಿಡಿದು ನೋಡಿದರೆ ಅವುಗಳ ನಡುವೆ ಬೆಳಕಿನ ತೆಳುಗೆರೆ ಕಾಣಿಸುತ್ತದೆ. ಸಂದನ್ನು ಕೇಸು ಇದ್ದಾಗಲೇ ನೋಡಬೇಕು.

ಮಲೆನಾಡಿಗ, ಕೊಲರಾಡೊ

ತಮಗೆ ಅನಂತ ಧನ್ಯವಾದಗಳು. ಕಂಪ್ಯಾರೇಟರ್ ತರಿಸಿ ಅಳೆದೆ. ಹೊಡೆದ ಹತ್ತು ಕೇಸುಗಳು 1.631ರ ಆಸುಪಾಸಿನಲ್ಲಿವೆ. ನಾನು ರೀಸೈಜ್ ಮಾಡಿಟ್ಟಿದ್ದವು 1.634 ತೋರಿಸುತ್ತಿವೆ. ಚಿಕ್ಕದಾಗಬೇಕಾದದ್ದು ನಿಜವಾಗಿಯೂ 3 ಥೌ ಉದ್ದವಾಗಿದೆ. ಡೈಯನ್ನು ಸ್ವಲ್ಪ ಸ್ವಲ್ಪವೇ ಇಳಿಸುತ್ತಾ ಹೋದಾಗ ಮೊದಲು ಅಳತೆ ಕದಲಲೇ ಇಲ್ಲ. ಆಮೇಲೆ 1.633, 1.631, ಕೊನೆಗೆ 1.629ಕ್ಕೆ ಬಂದು ನಿಂತಿತು. ಹಿಡಿ ಈಗ ಬೆರಳಿನ ಒತ್ತಡಕ್ಕೆ ಇಳಿಯುತ್ತದೆ.

ಆದರೆ ಒಂದೇ ಡೈ, ಒಂದೇ ಸ್ಥಾನವಾದರೂ ಎಲ್ಲ ಕೇಸುಗಳೂ ಒಂದೇ ಅಳತೆಗೆ ಬರುತ್ತಿಲ್ಲ. ಕೆಲವು 1.628, ಕೆಲವು 1.631. ಮಿಲಿಟರಿ ಕೇಸುಗಳಂತೂ ಇನ್ನೂ ಬಿಗಿಯಾಗಿಯೇ ಇವೆ.

ಉತ್ತರ: ಕೊಡಗಿನವನು, ಟೆಕ್ಸಾಸ್

ಮೂರು ಥೌ ಹೆಚ್ಚುಕಡಿಮೆಯಾಗುವುದಕ್ಕೆ ಮೊದಲು ಲ್ಯೂಬನ್ನು ನೋಡಿ. ಲ್ಯಾನೋಲಿನ್ ಸ್ಪ್ರೇ ಬಳಸುವವರಲ್ಲಿ ಹಲವರು ಮಾಡುವ ತಪ್ಪನ್ನು ನಾನೂ ಮಾಡಿದ್ದೇನೆ. ಸ್ಪ್ರೇ ಮಾಡಿದ ಕೂಡಲೇ ಕೇಸನ್ನು ಪ್ರೆಸ್ಸಿಗೆ ಹಾಕುತ್ತಿದ್ದೆ. ಆಲ್ಕೋಹಾಲ್ ಲ್ಯಾನೋಲಿನ್ನನ್ನು ಮೈ ತುಂಬ ಹರಡಲು ಇರುವ ವಾಹಕ ಮಾತ್ರ. ಅದು ಪೂರ್ತಿ ಆರದ ಹೊರತು ಜಾರಿಕೆ ಬರುವುದಿಲ್ಲ. ಕೇಸುಗಳನ್ನು ತಟ್ಟೆಯಲ್ಲಿ ಹೊರಳಿಸಿ, ಹತ್ತು ನಿಮಿಷ ಬಿಟ್ಟು ಮುಟ್ಟಿ ನೋಡಿದಾಗ ಒದ್ದೆಯೆನಿಸದೆ ಸಣ್ಣ ಮೇಣದಂತೆ ಬೆರಳಿಗೆ ಹತ್ತಬೇಕು. ನಿಮ್ಮ ಕೇಸು ಡೈಯಲ್ಲಿ ಸಿಕ್ಕಿಕೊಂಡದ್ದು ಹೀಗೆಯೇ ಇರಬಹುದು. ಲ್ಯೂಬ್ ಅತಿಯಾದರೆ ಇನ್ನೊಂದು ತೊಂದರೆ: ಅದು ಭುಜದ ಬಳಿ ಸೇರಿ, ಹೊರಹೋಗಲು ದಾರಿಯಿಲ್ಲದೆ ಹಿತ್ತಾಳೆಯಲ್ಲಿ ಚಿಕ್ಕ ತಗ್ಗು ಮಾಡುತ್ತದೆ. ಸಣ್ಣ ತಗ್ಗು ಮುಂದಿನ ಬಾರಿ ಹೊಡೆದಾಗ ಸರಿಯಾಗುತ್ತದೆ. ಡೈಯ ಪಕ್ಕದ ಗಾಳಿತೂತು ಕಟ್ಟಿಕೊಂಡಿದೆಯೇ ಎಂದು ಮಾತ್ರ ಪರೀಕ್ಷಿಸಿ.

ಎರಡನೆಯದು ಎಕ್ಸ್‌ಪ್ಯಾಂಡರ್ ಬಾಲ್, ಅಂದರೆ ಡೈಯ ನಡುವಿನ ಕಾಂಡದ (ಸರಳಿನ) ಮೇಲಿರುವ, ಕತ್ತನ್ನು ಒಳಗಿನಿಂದ ಹಿಗ್ಗಿಸುವ ಗುಂಡಿ. ರ‍್ಯಾಮ್ ಕೆಳಗಿಳಿಯುವಾಗ ಅದು ಕತ್ತಿನೊಳಗಿಂದ ಎಳೆದುಕೊಂಡು ಹೊರಬರುತ್ತದೆ. ಕತ್ತಿನ ಒಳಭಾಗ ಒಣಗಿದ್ದರೆ ಕೀರಲು ಸದ್ದು ಕೇಳಿಸುತ್ತದೆ, ಕೈಗೂ ತಡೆ ತಿಳಿಯುತ್ತದೆ. ಆ ಎಳೆತಕ್ಕೆ ಕತ್ತಿನೊಂದಿಗೆ ಭುಜವೂ ಮುಂದೆ ಬರುತ್ತದೆ. ಡೈಯಿಂದ ಕಾಂಡವನ್ನೇ ತೆಗೆದು ಐದು ಕೇಸು, ಹಾಕಿಕೊಂಡು ಐದು ಕೇಸು ಮಾಡಿ ಅಳೆದರೆ ಅಪರಾಧಿ ಯಾರೆಂದು ಗೊತ್ತಾಗುತ್ತದೆ. ನೈಲಾನ್ ಬ್ರಷ್ಷಿನಿಂದ ಕತ್ತಿನೊಳಗೆ ಸ್ವಲ್ಪ ಲ್ಯೂಬ್ ಸವರಿದ ಮೇಲೆ ನನ್ನ ಕೇಸುಗಳ ಅಳತೆ ಒಂದು ಥೌ ಒಳಗೆ ಬಂದಿತು.

ಮತ್ತೊಮ್ಮೆ ಕೇಸು ಸಿಕ್ಕಿಕೊಂಡರೆ ಕಾಂಡದ ಮೇಲೆ ಸುತ್ತಿಗೆಯಿಂದ ಹೊಡೆಯಬೇಡಿ. ಕಾಂಡ ಬಾಗುತ್ತದೆ, ಕೇಸು ಕದಲುವುದಿಲ್ಲ. ಕಾಂಡವನ್ನು ಆದಷ್ಟು ಮೇಲಕ್ಕೆ ತಿರುಗಿಸಿ, ಕೇಸಿನ ಬುಡಕ್ಕೆ ತೂತು ಕೊರೆದು, ಕಾಲಂಗುಲದ, ಅಂಗುಲಕ್ಕೆ 20 ಸುತ್ತಿನ ಟ್ಯಾಪಿನಿಂದ ಅದರೊಳಗೆ ಮರೆ ಕೊರೆದು, ದೊಡ್ಡ ಸಾಕೆಟ್ ಒಂದನ್ನು ಆಸರೆಯಾಗಿಟ್ಟು ಬೋಲ್ಟಿನಿಂದ ನಿಧಾನವಾಗಿ ಹೊರಕ್ಕೆ ಎಳೆಯಬೇಕು.

ಮಿಲಿಟರಿ ಕೇಸುಗಳ ಬುಡದಲ್ಲಿ ‘ಎಲ್‌ಸಿ’ ಎಂದೂ ವರ್ಷದ ಎರಡು ಅಂಕಿಗಳೂ, ವೃತ್ತದೊಳಗೆ ಅಡ್ಡಗೆರೆಗಳ ಗುರುತೂ ಇವೆಯೆ? ಹಾಗಿದ್ದರೆ ಅವು ಮಿಸೌರಿಯ ಇಂಡಿಪೆಂಡೆನ್ಸಿನಲ್ಲಿರುವ ಲೇಕ್ ಸಿಟಿ ಕಾರ್ಖಾನೆಯಲ್ಲಿ ನೇಟೋ ಅಳತೆಗೆ ಮಾಡಿದವು. ಯಾವ ಬಂದೂಕಿನಲ್ಲಿ ಹೊಡೆದವೋ ತಿಳಿಯದು. ಮಷಿನ್ ಗನ್ನಿನ ಸಡಿಲ ಚೇಂಬರಿನಲ್ಲಿ ಹೊಡೆದಿದ್ದರೆ ಬುಡದ ಮೇಲ್ಭಾಗ ಸಾಮಾನ್ಯ ಡೈಗೆ ಬಗ್ಗದಷ್ಟು ಉಬ್ಬಿರುತ್ತದೆ. ಕೇಸಿಗೆ ಮಾರ್ಕರ್ ಬಳಿದು ಚೇಂಬರಿಗೆ ಹಾಕಿ ತೆಗೆಯಿರಿ. ಮಸಿ ಉಜ್ಜಿಹೋದದ್ದು ಭುಜದಲ್ಲಾದರೆ ಡೈಯ ಸ್ಥಾನ ಸರಿಯಿಲ್ಲ, ಬುಡದ ಬಳಿಯಾದರೆ ಸ್ಮಾಲ್ ಬೇಸ್ ಡೈಗೆ ಕೆಲಸವಿದೆ. ಇಪ್ಪತ್ತು ಕೇಸುಗಳಿಗಾಗಿ ಆ ಡೈ ಕೊಳ್ಳುವುದು ನನಗಂತೂ ಸರಿ ಕಾಣುವುದಿಲ್ಲ.

ಊರಿನಿಂದ ಓದುತ್ತಿರುವವರಿಗೆ ಒಂದು ಮಾತು. ಕೊಡವರು ಆಯುಧ ಪೂಜಿಸುವ ಹಬ್ಬವಾದ ಕೈಲ್‌ಪೊಳ್ದ್ ದಿನ ಕೋವಿಗೆ ತೋಕ್‌ಪೂ ಎಂಬ ಹೂವಿಟ್ಟು ಪೂಜಿಸುವ ಮನೆಯಿಂದ ಬಂದವನು ನಾನು. ಹಾಗಿದ್ದರೂ ಭಾರತದಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯಂತೆ ತೋಟೆ ತಯಾರಿಸುವುದಕ್ಕೆ ಪ್ರತ್ಯೇಕ ಲೈಸೆನ್ಸ್ ಬೇಕು. ಇಲ್ಲಿ ಸ್ವಂತ ಬಳಕೆಗೆ ಮಾಡಿಕೊಳ್ಳುವುದನ್ನು ಕಂಡು ಅಲ್ಲಿ ಪ್ರಯತ್ನಿಸಬಾರದು.

ಉತ್ತರ: ಕರಾವಳಿಯವಳು, ಮಿನ್ನೆಸೋಟ

ಇಬ್ಬರೂ ಹೇಳಿದ್ದನ್ನು ಒಪ್ಪುತ್ತೇನೆ. ಆದರೆ ಬಿಗಿತ ಹೋಯಿತೆಂಬ ಸಂತೋಷದಲ್ಲಿ ಡೈಯನ್ನು ಇನ್ನೂ ಇಳಿಸಿಬಿಡಬೇಡಿ ಎಂದು ಮಲೆನಾಡಿಗರಲ್ಲಿ ವಿನಂತಿಸುತ್ತೇನೆ. ಭುಜ 6, 8 ಥೌ ಹಿಂದೆ ಹೋದ ಕೇಸಿನಲ್ಲಿ ಬೋಲ್ಟ್ ಬೆಣ್ಣೆಯಂತೆ ಮುಚ್ಚುತ್ತದೆ, ಆದ್ದರಿಂದ ತಪ್ಪು ಕೈಗೆ ತಿಳಿಯುವುದೇ ಇಲ್ಲ. ಹೊಡೆದಾಗ ಕೇಸಿನ ಮುಂಭಾಗ ಚೇಂಬರಿನ ಗೋಡೆಯನ್ನು ಕಚ್ಚಿ ಹಿಡಿಯುತ್ತದೆ, ಬುಡ ಬೋಲ್ಟಿನ ಕಡೆಗೆ ಹಿಂದೆ ಸರಿಯುತ್ತದೆ, ನಡುವಿನ ಹಿತ್ತಾಳೆ ಹಿಗ್ಗಿ ತೆಳುವಾಗುತ್ತದೆ. ನಾಲ್ಕಾರು ಬಾರಿ ಹೀಗಾದರೆ ಬುಡ ಕಿತ್ತು ಬರಬಹುದು, ಬಿಸಿ ಅನಿಲ ಹೊಡೆಯುವವರ ಮುಖದ ಕಡೆಗೆ ನುಗ್ಗಬಹುದು. ನನ್ನ ಒಂದು ಕೇಸಿನಲ್ಲಿ ಬುಡದಿಂದ ಸುಮಾರು ಕಾಲಂಗುಲ ಮೇಲೆ ಬಳೆಯಂತೆ ಹೊಳೆಯುವ ಗೆರೆ ಕಂಡಾಗ ಅದನ್ನು ಉದ್ದಕ್ಕೆ ಸೀಳಿ ನೋಡಿದೆ. ಹೊರಗೆ ಬರಿಯ ಗೆರೆ, ಒಳಗೆ ಉಗುರು ಸಿಕ್ಕಿಕೊಳ್ಳುವಷ್ಟು ಆಳದ ಕಾಲುವೆ. ಅಂದಿನಿಂದ ಪೇಪರ್ ಕ್ಲಿಪ್ಪಿನ ತುದಿಯನ್ನು ಚೂಪಾಗಿಸಿ ಕೊಕ್ಕೆಯಂತೆ ಬಗ್ಗಿಸಿಟ್ಟುಕೊಂಡಿದ್ದೇನೆ. ಪ್ರತಿಯೊಂದು ಕೇಸಿನ ಒಳಗೋಡೆಯ ಮೇಲೆ ಅದನ್ನು ಬುಡದಿಂದ ಮೇಲಕ್ಕೆ ಎಳೆಯುತ್ತೇನೆ. ತಗ್ಗಿನಲ್ಲಿ ಅದು ತಡೆದರೆ ಕೇಸನ್ನು ಇಕ್ಕಳದಲ್ಲಿ ಚಪ್ಪಟೆ ಮಾಡಿ ಗುಜರಿಗೆ ಹಾಕುತ್ತೇನೆ.

ಅಳತೆ ಏರುಪೇರಾಗಲು ಹಿತ್ತಾಳೆ ಗಡುಸಾಗಿರುವುದೂ ಕಾರಣವಾಗಬಹುದು. 70 ಭಾಗ ತಾಮ್ರ, 30 ಭಾಗ ಸತುವಿನ ಈ ಹಿತ್ತಾಳೆ ಪ್ರತಿ ಬಾರಿ ಹಿಗ್ಗಿ ಕುಗ್ಗಿದಾಗಲೂ ಗಡುಸಾಗಿ, ಡೈ ಒತ್ತಿದ ಜಾಗದಿಂದ ಮತ್ತೆ ಸ್ವಲ್ಪ ಚಿಮ್ಮುತ್ತದೆ. ರ‍್ಯಾಮ್ ಮೇಲೆ ಮುಟ್ಟಿದಾಗ ಮೂರು ನಾಲ್ಕು ಸೆಕೆಂಡು ಹಾಗೆಯೇ ಹಿಡಿದು ನಿಲ್ಲಿಸಿದರೆ ಅದು ಸ್ವಲ್ಪ ಕಡಿಮೆಯಾಗುತ್ತದೆ. ಮೂರು ಬಾರಿ ಹೊಡೆದ ಕೇಸುಗಳ ಕತ್ತು ಮತ್ತು ಭುಜವನ್ನು ಕಾಯಿಸಿ ಮೆತ್ತಗೆ ಮಾಡುವುದು, ಅಂದರೆ ಅನೀಲಿಂಗ್, ಅದಕ್ಕಿಂತ ಒಳ್ಳೆಯ ಉಪಾಯ. ಬುಡ ಮಾತ್ರ ಎಂದಿಗೂ ಕಾಯಬಾರದು. ಬುಡ ಮೆತ್ತಗಾದ ಕೇಸು ಒತ್ತಡ ತಡೆಯುವುದಿಲ್ಲ, ಅದನ್ನು ಮತ್ತೆ ಗಡುಸು ಮಾಡಲೂ ಆಗುವುದಿಲ್ಲ.

ಮಲೆನಾಡಿಗ, ಕೊಲರಾಡೊ

ಎಲ್ಲರೂ ಹೇಳಿದಂತೆ ಒಂದೊಂದಾಗಿ ಮಾಡಿದೆ. ಕಾಂಡ ತೆಗೆದು ಮಾಡಿದ ಐದು ಕೇಸುಗಳೂ 1.629ಕ್ಕೆ ಬಂದವು. ಕಾಂಡ ಹಾಕಿದಾಗ ಎರಡು ಕೇಸು 1.631ಕ್ಕೆ ಏರಿದವು, ಆ ಎರಡರಲ್ಲಿಯೂ ಕೀರಲು ಸದ್ದು ಕೇಳಿಸಿತ್ತು. ಕತ್ತಿನೊಳಗೆ ಲ್ಯೂಬ್ ಸವರಿ, ಸ್ಪ್ರೇ ಆರಲು ಬಿಟ್ಟು, ಮೇಲೆ ಮೂರು ಸೆಕೆಂಡು ನಿಲ್ಲಿಸಿ ಮಾಡಿದ ಮೇಲೆ 50ರಲ್ಲಿ 47 ಕೇಸುಗಳು 1.629, ಉಳಿದ ಮೂರು 1.630. ಪೇಪರ್ ಕ್ಲಿಪ್ಪಿಗೆ ಯಾವುದೂ ತಡೆಯಲಿಲ್ಲ.

ಮಿಲಿಟರಿ ಕೇಸುಗಳಲ್ಲಿ ‘ಎಲ್‌ಸಿ’ ಗುರುತಿದೆ. ಮಾರ್ಕರಿನ ಮಸಿ ಬುಡದ ಬಳಿ ಸುತ್ತಲೂ ಉಜ್ಜಿಹೋಗಿತ್ತು, ಭುಜದ ಮೇಲೆ ಹಾಗೆಯೇ ಉಳಿದಿತ್ತು. ಆ ಇಪ್ಪತ್ತನ್ನೂ ಗುಜರಿಯ ಡಬ್ಬಿಗೆ ಹಾಕಿದ್ದೇನೆ. ಡೈಯ ಲಾಕ್ ರಿಂಗನ್ನು ಈಗಿರುವ ಸ್ಥಾನದಲ್ಲಿಯೇ ಬಿಗಿದು, ಡೈಯಿಂದ ಪ್ರೆಸ್ಸಿನವರೆಗೆ ಒಂದು ಬಿಳಿಗೆರೆ ಎಳೆದಿದ್ದೇನೆ.