ಕಿವಿ ಕೇಳಿಸದ, ಬೆಳವಣಿಗೆಯೂ ನಿಧಾನವಾಗಿರುವ ಮಗುವಿಗೆ ಸನ್ನೆ ಕಲಿಸುವುದು ಹೇಗೆ?

ಪ್ರಶ್ನೆ: ನಮಸ್ಕಾರ ಮೇಡಂ. ನಮ್ಮ ಮಗನಿಗೆ ಐದು ವರ್ಷ. ಹುಟ್ಟಿನಿಂದಲೇ ಎರಡೂ ಕಿವಿ ಕೇಳಿಸುವುದಿಲ್ಲ; ಬೌದ್ಧಿಕ ಬೆಳವಣಿಗೆಯೂ ನಿಧಾನವಾಗಿದೆ. ಒಂದು ವರ್ಷದಿಂದ ‘ನೀರು’, ‘ಸಾಕು’ ಎಂಬ ಸನ್ನೆಗಳನ್ನು ಅವನ ಕೈ ಹಿಡಿದು ಮಾಡಿಸುತ್ತಿದ್ದೇವೆ, ತಾನಾಗಿ ಒಂದನ್ನೂ ಮಾಡಿಲ್ಲ. ಊಟದ ಹೊತ್ತಿನಲ್ಲಿ ತಟ್ಟೆ ಎಸೆಯುತ್ತಾನೆ. ಇವನ ಬುದ್ಧಿಗೆ ಸನ್ನೆ ಭಾಷೆ ಹತ್ತುವುದಿಲ್ಲ, ಕಲಿಸಿದರೆ ಮಾತೂ ಬರುವುದಿಲ್ಲ ಎಂದು ಕೆಲವರು ಹೇಳುತ್ತಿದ್ದಾರೆ. ನಿಲ್ಲಿಸಿಬಿಡಬೇಕೇ?

ಉತ್ತರ (ವಾಕ್-ಶ್ರವಣ ತಜ್ಞೆ): ದಯವಿಟ್ಟು ನಿಲ್ಲಿಸಬೇಡಿ. ಸನ್ನೆಯಿಂದ ಮಾತು ಕೆಡುವುದಿಲ್ಲ. ಕಿವಿಯ ದಾರಿ ಮುಚ್ಚಿರುವ ಮಗುವಿಗೆ ಕಣ್ಣಿನ ದಾರಿಯನ್ನೂ ಮುಚ್ಚಿದರೆ ಯಾವ ಭಾಷೆಯೂ ತಲುಪದೆ ವರ್ಷಗಳು ಕಳೆದುಹೋಗುತ್ತವೆ ಎಂಬುದೇ ನನ್ನ ದೊಡ್ಡ ಆತಂಕ.

ತಟ್ಟೆ ಎಸೆಯುವುದು ಅವನ ಮಟ್ಟಿಗೆ ‘ಸಾಕು’ ಎಂಬ ಮಾತೇ ಇರಬಹುದು. ಎಸೆಯುವ ಮುನ್ನಿನ ಕ್ಷಣವನ್ನು ಒಂದು ವಾರ ಗಮನಿಸಿ: ಮುಖ ತಿರುಗಿಸುತ್ತಾನೆಯೇ, ಮೊಣಕೈಯಿಂದ ತಟ್ಟೆಯನ್ನು ದೂಡುತ್ತಾನೆಯೇ? ಆ ಚಿಹ್ನೆ ಕಂಡ ಕೂಡಲೇ ನೀವು ‘ಸಾಕು’ ಎಂದು ಸನ್ನೆ ಮಾಡಿ, ತಟ್ಟೆಯನ್ನು ತೆಗೆದುಬಿಡಿ. ಮನೆಯವರೆಲ್ಲರೂ ಪ್ರತಿ ಸಲವೂ ಹೀಗೆಯೇ ಮಾಡಬೇಕು.

ಇನ್ನೊಂದು ವಿಷಯ ಬಹಳ ಮುಖ್ಯ. ಕೇಳಿಸುವ ಮಗು ಲೋಟವನ್ನು ನೋಡುತ್ತಲೇ ‘ನೀರು’ ಎಂಬ ಮಾತನ್ನು ಕೇಳಿಸಿಕೊಳ್ಳುತ್ತದೆ. ನಿಮ್ಮ ಮಗ ಲೋಟವನ್ನು ನೋಡುತ್ತಿರುವಾಗ ನೀವು ಪಕ್ಕದಲ್ಲಿ ನಿಂತು ಸನ್ನೆ ಮಾಡಿದರೆ ಅದು ಅವನ ಪಾಲಿಗೆ ಆಡದ ಮಾತಿನಂತೆಯೇ. ಆದ್ದರಿಂದ ಎದುರಿಗೆ, ಅವನ ಕಣ್ಣಿನ ಮಟ್ಟಕ್ಕೆ ಕುಳಿತು, ಅವನು ಲೋಟವನ್ನು ನೋಡಿ ಮುಗಿಸಲು ಬಿಟ್ಟು, ನಿಮ್ಮತ್ತ ತಿರುಗಿದ ಮೇಲೆ ಸನ್ನೆ ಮಾಡಿ. ತಿರುಗದಿದ್ದರೆ ಲೋಟದ ಪಕ್ಕದಲ್ಲೇ ಮಾಡಿ. ಬಳಿಕ ಮನಸ್ಸಿನಲ್ಲೇ ಹತ್ತು ಎಣಿಸುವವರೆಗೆ ಸುಮ್ಮನೆ ಕಾಯಿರಿ. ಇಂಥ ಮಕ್ಕಳಿಗೆ ಉತ್ತರ ಹೊಂದಿಸಿಕೊಳ್ಳಲು ಸಮಯ ಬೇಕು, ನಾವು ಅದಕ್ಕೂ ಮುಂಚೆಯೇ ಮತ್ತೆ ಶುರು ಮಾಡಿಬಿಡುತ್ತೇವೆ.

ಅವನ ಕೈ ಹಿಡಿದು ಮಾಡಿಸುವುದನ್ನು ಬಿಡಿ. ನಿಮ್ಮ ಕೈಯನ್ನು ಅವನ ಅಂಗೈಯ ಕೆಳಗಿಟ್ಟು ಸನ್ನೆ ಮಾಡಿದರೆ, ಬೇಡವಾದಾಗ ಕೈ ಎಳೆದುಕೊಳ್ಳುವ ಸ್ವಾತಂತ್ರ್ಯ ಅವನಿಗಿರುತ್ತದೆ. ಮುಂದೇನು ಎಂದು ತಿಳಿಸಲು ತೋರಿಸುವ ಚಿತ್ರಗಳು ಅರ್ಥವಾಗದಿದ್ದರೆ ವಸ್ತುವನ್ನೇ ತೋರಿಸಿ: ಸ್ನಾನಕ್ಕೆ ಮುನ್ನ ಟವೆಲ್, ಹೊರಗೆ ಹೋಗುವ ಮುನ್ನ ಅವನ ಚಪ್ಪಲಿ.

ಕಣ್ಣಿನ ಪರೀಕ್ಷೆ ಆಗಿರದಿದ್ದರೆ ತಡಮಾಡಬೇಡಿ. ಗರ್ಭದಲ್ಲಿ ತಗಲುವ ರುಬೆಲ್ಲಾ, ಸೈಟೊಮೆಗಾಲೊವೈರಸ್‌ನಂಥ ಸೋಂಕುಗಳು ಕಿವಿ, ಮೆದುಳುಗಳ ಜೊತೆಗೆ ಕಣ್ಣಿಗೂ ಹಾನಿ ಮಾಡಬಲ್ಲವು.

ಮರುಪ್ರಶ್ನೆ: ಮೇಡಂ, ಮೂರು ವಾರದಿಂದ ನೀವು ಹೇಳಿದಂತೆ ಮಾಡುತ್ತಿದ್ದೇವೆ. ನಿನ್ನೆ ಊಟದ ನಡುವೆ ಅಂಗೈಯನ್ನು ಮೇಜಿನ ಮೇಲೆ ಒಮ್ಮೆ ಉಜ್ಜಿ ನನ್ನ ಮುಖ ನೋಡಿದ. ಅದು ‘ಸಾಕು’ ಇರಬಹುದೇ? ತಿದ್ದಬೇಕೇ?

ಉತ್ತರ: ಓದಿ ಬಹಳ ಸಂತೋಷವಾಯಿತು. ಉಜ್ಜಿದ ಮೇಲೆ ನಿಮ್ಮ ಮುಖ ನೋಡಿದನಲ್ಲ, ಅದು ನಿಮಗೆ ಹೇಳಿದ ಮಾತೆಂದೇ ತಿಳಿದು ಸ್ಪಂದಿಸಿ. ತಿದ್ದಬೇಡಿ; ನೀವು ಸರಿಯಾದ ಸನ್ನೆಯನ್ನು ತೋರಿಸಿ, ತಕ್ಷಣ ತಟ್ಟೆ ತೆಗೆಯಿರಿ. ಸನ್ನೆ ಭಾಷೆಯ ನಡುವೆ ಬೆಳೆಯುವ ಕಿವುಡ ಶಿಶುಗಳು ಕೈಗಳಲ್ಲೇ ತೊದಲುತ್ತವೆ ಎಂಬುದನ್ನು ಸಂಶೋಧಕಿಯರಾದ ಲಾರಾ ಆನ್ ಪೆಟಿಟೊ ಮತ್ತು ಪೌಲಾ ಮರೆಂಟೆಟ್ 1991ರಲ್ಲೇ ತೋರಿಸಿದ್ದಾರೆ. ನಿಮ್ಮ ಮಗನ ಅರೆಬರೆ ಸನ್ನೆಯನ್ನೂ ತೊದಲು ಮಾತಿನಂತೆ ಸ್ವೀಕರಿಸಿ. ಅದನ್ನು ಮೊಬೈಲ್‌ನಲ್ಲಿ ವಿಡಿಯೊ ಮಾಡಿ ಅವನ ಶಿಕ್ಷಕರಿಗೂ ತೋರಿಸಿ. ಇಲ್ಲವಾದರೆ ಶಾಲೆಯಲ್ಲಿ ಅವನು ಮೇಜು ಉಜ್ಜಿದಾಗ ಯಾರಿಗೂ ಅರ್ಥವಾಗುವುದಿಲ್ಲ.