ನೇತ್ರಾಣಿಯಲ್ಲಿ ಸ್ಕೂಬಾ: ಮಗಳು, ಅಪ್ಪ ಇಬ್ಬರನ್ನೂ ಕರೆದೊಯ್ಯಬಹುದಾ?

ಜಯನಗರದ ಅಮ್ಮ:
ಡಿಸೆಂಬರ್ ರಜೆಗೆ ಬೆಂಗಳೂರಿನಿಂದ ಮುರ್ಡೇಶ್ವರಕ್ಕೆ ಹೊರಟಿದ್ದೇವೆ. ಮಗಳಿಗೆ 9 ವರ್ಷ, ಈಜುಕೊಳದಿಂದ ಎದ್ದೇ ಬರುವುದಿಲ್ಲ. ಅಪ್ಪನಿಗೆ 63, ಬಿಪಿ ಮಾತ್ರೆ ತಗೋತಾರೆ, ಈಜು ಬರುವುದಿಲ್ಲ. ಇಬ್ಬರೂ ಅಲ್ಲಿನ ನೇತ್ರಾಣಿ ದ್ವೀಪದ ಬಳಿ ಸ್ಕೂಬಾ (ಗಾಳಿ ಸಿಲಿಂಡರ್ ಹೊತ್ತು ಸಮುದ್ರದೊಳಗೆ ಇಳಿಯುವುದು) ಮಾಡಲೇಬೇಕು ಅಂತ ಹಟ ಹಿಡಿದಿದ್ದಾರೆ. ಡೈವ್ ಮುಗಿಸಿ ದ್ವೀಪದ ಮರಳಲ್ಲೇ ಕೂತು ಬುತ್ತಿ ಬಿಚ್ಚೋಣ ಅಂತಿದ್ದೇವೆ. ಆಗುತ್ತಾ?

ಬನಶಂಕರಿ ಡೈವರ್:
ಅಕ್ಕಾ, ಬುತ್ತಿ ಬೋಟಿನಲ್ಲೇ ಬಿಚ್ಚಬೇಕು. ನೇತ್ರಾಣಿ ಕಡಿದಾದ ಬಂಡೆಗಳ ದ್ವೀಪ. ನೌಕಾಪಡೆ ಅಲ್ಲಿ ಗುಂಡು ಹಾರಿಸುವ ಅಭ್ಯಾಸ ನಡೆಸುತ್ತಿತ್ತು. ಪ್ರವಾಸಿಗರನ್ನು ಇಳಿಸುವುದಿಲ್ಲ. ನೋಡುವುದೆಲ್ಲ ನೀರಿನೊಳಗೇ ಇದೆ.

ಸ್ಕೂಬಾಗೆ ಸಾಮಾನ್ಯವಾಗಿ 10 ವರ್ಷ ತುಂಬಿರಬೇಕು. ಮಗಳಿಗೆ ಲೈಫ್ ಜಾಕೆಟ್ ಹಾಕಿ ಸ್ನಾರ್ಕ್ಲಿಂಗ್ ಮಾಡಿಸಿ, ಅಂದರೆ ನೀರಿನ ಮೇಲೆಯೇ ತೇಲುತ್ತಾ, ಕೊಳವೆಯಲ್ಲಿ ಉಸಿರಾಡುತ್ತಾ ಕೆಳಗೆ ನೋಡುವುದು. ಅಪ್ಪನಿಗೆ ಈಜು ಬರದಿದ್ದರೂ ಪರವಾಗಿಲ್ಲ, ಮೊದಲ ಸಲದವರನ್ನು ಇನ್‌ಸ್ಟ್ರಕ್ಟರ್ ಹಿಡಿದುಕೊಂಡೇ ಇರುತ್ತಾರೆ. ಆದರೆ ಬಿಪಿ ವಿಷಯ ಮುಚ್ಚಿಡಬೇಡಿ, ದಯವಿಟ್ಟು. ಡೈವ್ ಮಾಡಿಸುವವರು ಆರೋಗ್ಯದ ಫಾರಂ ಕೊಡುತ್ತಾರೆ. ಅದನ್ನು ಮೊದಲೇ ತರಿಸಿಕೊಂಡು, ಬೆಂಗಳೂರಲ್ಲೇ ಡಾಕ್ಟರಿಗೆ ತೋರಿಸಿ ಸಹಿ ಹಾಕಿಸಿಕೊಂಡು ಹೋಗಿ.

ನಿಜವಾದ ಕಷ್ಟ ಕಿವಿಯದ್ದು. 10 ಮೀಟರ್ ಆಳದಲ್ಲಿ ಒತ್ತಡ ಮೇಲಿನದರ ಎರಡರಷ್ಟು. ಮೂಗು ಹಿಡಿದು ಮೂಗಿನೊಳಗೇ ಮೆಲ್ಲಗೆ ಗಾಳಿ ಊದಬೇಕು, ನೋವು ಶುರುವಾಗುವ ಮೊದಲೇ. ಜೋರಾಗಿ ಊದಬಾರದು. ನೋವಾದರೆ ಅಂಗೈ ಚಪ್ಪಟೆ ಹಿಡಿದು ಅಲ್ಲಾಡಿಸಿ ಕಿವಿ ತೋರಿಸಿದರೆ ಸಾಕು, ಅಲ್ಲೇ ನಿಲ್ಲಿಸುತ್ತಾರೆ. ಇನ್ನೊಂದು: ಹೆಬ್ಬೆರಳು ಎತ್ತಿದರೆ ‘ಮೇಲೆ ಹೋಗೋಣ’ ಅಂತ ಅರ್ಥ. ಖುಷಿಯಲ್ಲಿ ಎತ್ತಿಬಿಟ್ಟರೆ ಮೇಲೆ ಕರೆದುಕೊಂಡು ಬಂದುಬಿಡುತ್ತಾರೆ! ಸರಿ ಇದೆ ಅನ್ನಲು ಹೆಬ್ಬೆರಳು, ತೋರುಬೆರಳು ಸೇರಿಸಿ ಸೊನ್ನೆ ಮಾಡಬೇಕು. ಮನೆಯಲ್ಲೇ ಅಪ್ಪನಿಗೆ ರೂಢಿ ಮಾಡಿಸಿ.

ನೆಗಡಿ ಇದ್ದರೆ ಮಾತ್ರ ಇಳಿಸಲೇಬೇಡಿ. ನಮ್ಮ ಊರಿನ ಧೂಳಿಗೆ ಡಿಸೆಂಬರಿನಲ್ಲಿ ಮೂಗು ಕಟ್ಟದವರು ಯಾರಿದ್ದಾರೆ?

ಭಟ್ಕಳದವನು, ಈಗ ಯಶವಂತಪುರ:
ದ್ವೀಪ ದಡದಿಂದ ಸುಮಾರು 19 ಕಿಲೋಮೀಟರ್. ಹೊಟ್ಟೆ ತೊಳಸುತ್ತೆ. ಡಾಕ್ಟರ್ ಹತ್ತಿರ ಹೋದಾಗ ವಾಂತಿ ಮಾತ್ರೆಯನ್ನೂ ಕೇಳಿ, ಬೋಟ್ ಹತ್ತುವ ಮೊದಲೇ ನುಂಗಬೇಕು. ಬೆಳಿಗ್ಗೆ ಎಣ್ಣೆ ತಿಂಡಿ ಬೇಡ, ಇಡ್ಲಿ ಸಾಕು.

ಮರಳು ಬೇಕಿದ್ದರೆ ಮರುದಿನ ಹೊನ್ನಾವರದ ಹತ್ತಿರ ಕಾಸರಕೋಡು ಬೀಚಿಗೆ ಹೋಗಿ. 2020ರಲ್ಲಿ ಬ್ಲೂ ಫ್ಲ್ಯಾಗ್ (ಸ್ವಚ್ಛ, ಸುರಕ್ಷಿತ ಬೀಚುಗಳಿಗೆ ಕೊಡುವ ಅಂತರರಾಷ್ಟ್ರೀಯ ಮಾನ್ಯತೆ) ಸಿಕ್ಕ ಬೀಚ್ ಅದು. ಮಗುವಿಗೆ ಆಡಲು ಚೆನ್ನಾಗಿದೆ.

ಜಯನಗರದ ಅಮ್ಮ:
ತುಂಬಾ ಥ್ಯಾಂಕ್ಸ್. ಮಗಳ ಮುಖ ಸ್ವಲ್ಪ ಸಣ್ಣದಾಗಿದೆ. ವಾಪಸ್ ಮಂಗಳೂರಿನಿಂದ ವಿಮಾನ, ಡೈವ್ ಆದ ಸಂಜೆಗೇ ಬುಕ್ ಮಾಡಬಹುದಾ?

ಬನಶಂಕರಿ ಡೈವರ್:
ಬೇಡವೇ ಬೇಡ. ಡೈವ್ ಆದಮೇಲೆ 18 ಗಂಟೆಯಾದರೂ ಬಿಡಿ. ರಾತ್ರಿ ಅಲ್ಲೇ ಉಳಿದು, ಕಾಸರಕೋಡು ನೋಡಿಕೊಂಡು, ರೈಲಿನಲ್ಲೇ ಬಂದುಬಿಡಿ.