ಲೇಔಟ್ ಬೋರ್ ನೀರು ಟೆಸ್ಟ್ ಮಾಡ್ಸೋದು ಯಾರ ಕೆಲ್ಸ?

ಮೈಸೂರು ರಿಂಗ್ ರೋಡಿಂದ ಆಚೆ ಪ್ರೈವೇಟ್ ಲೇಔಟಲ್ಲಿದೀವಿ, 48 ಮನೆಗೆ ಎರಡು ಬೋರು, ಒಂದು ಓವರ್‌ಹೆಡ್ ಟ್ಯಾಂಕು. ಕಾವೇರಿ ಲೈನ್ ಬಂದಿಲ್ಲ, ಯುಜಿಡಿನೂ (ಒಳಚರಂಡಿ) ಇಲ್ಲ, ಎಲ್ರ ಮನೇಲೂ ಟಾಯ್ಲೆಟ್ ಪಿಟ್ಟೇ. ಮೊನ್ನೆ ಮಳೆ ಆದ್ಮೇಲೆ ನಾಲ್ಕೈದು ಮನೆ ಮಕ್ಕಳಿಗೆ ವಾಂತಿ ಭೇದಿ. ರಿಪೋರ್ಟ್ ಕೇಳಿದ್ರೆ ಡೆವಲಪರ್ರು ಅಸೋಸಿಯೇಷನ್ ಕೇಳಿ ಅಂತಾರೆ, ಅಲ್ಲಿ ಕೇಳಿದ್ರೆ ಪಂಚಾಯ್ತಿ ಅಂತಾರೆ, ಪಂಚಾಯ್ತಿಲಿ ಲೇಔಟ್ ನಮಗಿನ್ನೂ ಹ್ಯಾಂಡೋವರ್ ಆಗಿಲ್ಲ ಅಂತಾರೆ. ನಮ್ಮನೇಲಿ ಐದು ತಿಂಗಳ ಕೂಸಿದೆ, ಪುಡಿ ಹಾಲು ಕಲ್ಸೋದೂ ಇದೇ ನೀರಲ್ಲಿ. ಕಾಯ್ಸಿದ್ರೆ ಸಾಕಾ?

ಉತ್ತರ 1
ಸಾಲಲ್ಲ ಸರ್. ಕಾಯ್ಸಿದ್ರೆ ಕ್ರಿಮಿ ಸಾಯ್ತವೆ, ಪಿಟ್ಟಿಂದ ನೀರಿಗೆ ಇಳಿಯೋ ನೈಟ್ರೇಟ್ ಅನ್ನೋ ಲವಣ ಹೋಗಲ್ಲ, ನೀರು ಆವಿಯಾದಷ್ಟೂ ಉಳಿದಿದ್ರಲ್ಲಿ ಅದರ ಪ್ರಮಾಣ ಏರುತ್ತೆ. ಪಿಟ್ ಪಕ್ಕದ ಬೋರಲ್ಲಿ ಕ್ರಿಮಿ ಜೊತೆ ಅದನ್ನೂ ನೋಡ್ಲೇಬೇಕು. ಕುಡಿಯೋ ನೀರಿನ ಮಾನದಂಡ ಐಎಸ್ 10500 ಪ್ರಕಾರ ಲೀಟರಿಗೆ 45 ಮಿಲಿಗ್ರಾಂ ಮಿತಿ, ಟಿಡಿಎಸ್‌ಗೆ (ನೀರಲ್ಲಿ ಕರಗಿರೋ ಒಟ್ಟು ಲವಣ) ಬೇರೆ ನೀರಿಲ್ದಿದ್ರೆ 500ರಿಂದ 2000 ತನಕ ಬಿಡೋ ಹಾಗೆ ಇದಕ್ಕೆ ರಿಯಾಯ್ತಿ ಇಲ್ಲ. ಜಾಸ್ತಿ ಆದ್ರೆ ಕೂಸುಗಳ ರಕ್ತ ಆಮ್ಲಜನಕ ಸರಿಯಾಗಿ ಒಯ್ಯಲ್ಲ, ಮೈ ನೀಲಿಗಟ್ಟುತ್ತೆ. ರಿಪೋರ್ಟ್ ಬರೋ ತನಕ ದಯವಿಟ್ಟು ಈ ನೀರಲ್ಲಿ ಹಾಲು ಕಲ್ಸಬೇಡಿ. ಯಾರಾದ್ರೂ ಟಿಡಿಎಸ್ ಪೆನ್ ಅದ್ದಿ ನೀರು ಚೆನ್ನಾಗಿದೆ ಅಂದ್ರೆ ನಂಬಲೂಬೇಡಿ, ಅದ್ರಲ್ಲಿ ಕ್ರಿಮಿ ಗೊತ್ತಾಗಲ್ಲ.

ಉತ್ತರ 2
ನಮ್ದು ಮಂಡ್ಯ ಕಣಣ್ಣ, ನಮ್ ಬೀದಿಲೂ ಹಿಂಗೇ ಆಗಿತ್ತು, ಬೋರ್ ನೀರು ಸರಿಯಾಗೇ ಇತ್ತು, ನಲ್ಲಿ ನೀರೇ ಕೆಟ್ಟಿತ್ತು. ಅಗೆದು ನೋಡುದ್ರೆ ಪೈಪು ಚರಂಡಿ ಒಳಗೇ ಹೋಗದೆ, ಸೀಳ್ಬುಟ್ಟದೆ, ನೀರು ನಿಲ್ಸ್‌ದಾಗೆಲ್ಲ ಕೊಳಕು ಒಳಕ್ ಎಳ್ಕತಾ ಇತ್ತು. ಅದ್ಕೇ ಬೋರು, ಟ್ಯಾಂಕು, ಕೊನೆ ಮನೆ ನಲ್ಲಿ ಮೂರೂ ಕಡೆ ಸ್ಯಾಂಪಲ್ ತಗಳಿ. ಟ್ಯಾಂಕ್ ತೊಳ್ಸಿ, 1000 ಲೀಟರಿಗೆ ಎರಡೂವರೆ ಗ್ರಾಂ ಒಳ್ಳೆ ಬ್ಲೀಚಿಂಗ್ ಪೌಡರ್, ಬಕೆಟ್ಟಲ್ಲಿ ಕದಡಿ ತಿಳಿ ಮಾತ್ರ ಹಾಕಿ, ಅರ್ಧ ಗಂಟೆ ಬುಟ್ಟು ನೀರ್ ಬುಡಿ. ಹಳೆ ಪೌಡರಾದ್ರೆ ಕೆಲ್ಸ ಮಾಡಲ್ಲ.

ಉತ್ತರ 3
ಹ್ಯಾಂಡೋವರ್ ಜಗಳ ಆಮೇಲೆ ಆಗ್ಲಿ. ಇಷ್ಟು ಮನೇಲಿ ವಾಂತಿ ಭೇದಿ ಅಂತ ಪಿಎಚ್‌ಸಿಗೆ (ಪ್ರಾಥಮಿಕ ಆರೋಗ್ಯ ಕೇಂದ್ರ) ಇವತ್ತೇ ಬರೆದು ಕೊಡಿ, ಸ್ವೀಕೃತಿ ಹಾಕಿಸ್ಕೊಳಿ, ಲೇಔಟ್ ಯಾರದ್ದೇ ಆದ್ರೂ ಕಾಯಿಲೆ ಅಂದ್ರೆ ಅವರು ನೋಡ್ಲೇಬೇಕು. ಕ್ರಿಮಿ ಟೆಸ್ಟಿಗೆ ಲ್ಯಾಬಿಂದಲೇ ಸ್ಟೆರೈಲ್ ಬಾಟ್ಲಿ ತರ್ಬೇಕು, ಬಿಸ್ಲೇರಿ ಬಾಟ್ಲಿ ನಡೆಯಲ್ಲ, ಐಸ್ ಜೊತೆ ಅವತ್ತೇ ತಲುಪಿಸಿ. ಮಕ್ಕಳಿಗೆ ಓಆರ್‌ಎಸ್ ಕೊಡ್ತಿದೀರಾ? ಅದನ್ನೂ ಈ ನೀರಲ್ಲಿ ಕಲ್ಸಬೇಡಿ.

ಕೇಳಿದವರು
ಕೂಸಿಗೆ ಕುವೆಂಪುನಗರದ ಅಕ್ಕನ ಮನೆಯಿಂದ ಕಾರ್ಪೊರೇಷನ್ ನೀರು ತಂದಿದೀನಿ, ಕಾಯ್ಸಿ ಕೊಡ್ತೀವಿ. ಅರ್ಜಿಗೆ 31 ಮನೆ ಸಹಿ ಆಯ್ತು. ಕೊನೆ ಮನೆ ಹತ್ರ ಪೈಪು ಚರಂಡಿ ದಾಟುತ್ತೆ, ಬೆಳಗ್ಗೆ ಅಗೆಸ್ತೀವಿ.